ಹೊಳೆಯ ಲೆಕ್ಕ, ಪುರಸಭೆಯ ಲೆಕ್ಕ

ಉತ್ತರ ಕನ್ನಡ ಜಿಲ್ಲೆಯ ಕಾರವಾರದ ನಲ್ಲಿಗಳಲ್ಲಿ ಬರುವುದು ಕಾಳಿ ನದಿಯ ನೀರಲ್ಲ. ಕಾಳಿ ಊರಿಗೆ ತಾಗಿಯೇ ಸಮುದ್ರ ಸೇರುತ್ತದೆ, ಆದರೆ ಅಲ್ಲಿ ಅದು ಉಪ್ಪುನೀರು. ಕುಡಿಯುವ ನೀರನ್ನು ಅಂಕೋಲಾ ತಾಲ್ಲೂಕಿನ ಹೊನ್ನಳ್ಳಿಯಲ್ಲಿ ಗಂಗಾವಳಿಯಿಂದ ಎತ್ತಿ ತರಲಾಗುತ್ತದೆ. ಈ ಗಂಗಾವಳಿಯೇ ಘಟ್ಟದ ಮೇಲೆ ಬೇಡ್ತಿ. ಇನ್ನೂ ಮೇಲಕ್ಕೆ ಹೋದರೆ ಧಾರವಾಡದ ಸೋಮೇಶ್ವರದಲ್ಲಿ ಹುಟ್ಟುವ ಶಾಲ್ಮಲೆ ಒಂದು ಕಡೆ, ಹುಬ್ಬಳ್ಳಿಯ ಕೊಳಚೆಯನ್ನೂ ಹೊತ್ತು ಬರುವ ಹಳ್ಳ ಇನ್ನೊಂದು ಕಡೆ. ನಡುವೆ ಯಲ್ಲಾಪುರದ ಕಾಡು, ಮಾಗೋಡು ಜಲಪಾತ ಮತ್ತು ಹತ್ತಾರು ಶುದ್ಧ ಹಳ್ಳಗಳು ಇರುವುದರಿಂದ ಕಾರವಾರದವರು ಹುಬ್ಬಳ್ಳಿಯ ಚರಂಡಿ ನೀರು ಕುಡಿಯುತ್ತಿದ್ದಾರೆ ಎನ್ನುವುದು ಅತಿರೇಕದ ಮಾತಾದೀತು. ಆದರೂ ಕಾರವಾರದ ಮುಂದಿನ 30 ವರ್ಷಗಳ ನೀರಿನ ಯೋಜನೆಯಲ್ಲಿ ಹುಬ್ಬಳ್ಳಿಯ ಕೊಳಚೆ ಶುದ್ಧೀಕರಣಕ್ಕೆ ಒಂದು ಅಧ್ಯಾಯ ಇರಲೇಬೇಕು ಎಂಬುದು ನನ್ನ ವಾದ.

ಅಘನಾಶಿನಿಯ ವಿಷಯದಲ್ಲಿ ಈ ನಂಟು ಇನ್ನೂ ಹತ್ತಿರದ್ದು. ನದಿಯ ಮೂಲವೆಂದು ಹೇಳುವ ಶಂಕರ ಹೊಂಡ ಇರುವುದು ಶಿರಸಿ ಪೇಟೆಯಲ್ಲೇ. ಶಿರಸಿಗೆ ಇದೇ ಕಣಿವೆಯ ಕೆಂಗ್ರೆ ಮತ್ತು ಮಾರಿಗದ್ದೆಯಿಂದ ನೀರು ಬರುತ್ತದೆ. ಘಟ್ಟ ಇಳಿದ ಅದೇ ನದಿ ಮರಾಕಲ್ ಯೋಜನೆಯ ಮೂಲಕ ಕುಮಟಾ, ಹೊನ್ನಾವರಗಳ ನಲ್ಲಿಗೂ ಹೋಗುತ್ತದೆ. ಕೊನೆಯಲ್ಲಿ 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿದ ಅಳಿವೆ ಇದೆ, ಅಲ್ಲಿ ಬಳಚು ಎಂಬ ಚಿಪ್ಪುಜೀವಿಯನ್ನು ಹೆಕ್ಕಿ ಬದುಕುವ ಕುಟುಂಬಗಳಿವೆ. ಬಳಚು ನೀರನ್ನು ಸೋಸಿ ತಿನ್ನುವ ಜೀವಿಯಾದ್ದರಿಂದ ನೀರಿನ ರೋಗಾಣುಗಳು ಅದರ ಮಾಂಸದಲ್ಲೂ ಉಳಿಯುತ್ತವೆ. ಹೀಗಿರುವಾಗ 1999ರಲ್ಲಿ ಏಷ್ಯನ್ ಅಭಿವೃದ್ಧಿ ಬ್ಯಾಂಕಿನ ಸಾಲದಿಂದ ನೀರು, ಒಳಚರಂಡಿಯಂತಹ ಕೆಲಸಗಳಿಗೆಂದು ಬಂದ ಕರಾವಳಿ ಪರಿಸರ ನಿರ್ವಹಣಾ ಯೋಜನೆಯ ಹತ್ತು ಊರುಗಳ ಪಟ್ಟಿಯಲ್ಲಿ ಶಿರಸಿ ಇತ್ತು, ಕುಮಟಾ ಇರಲಿಲ್ಲ. ಪಟ್ಟಿ ಮಾಡಿದವರು ಊರುಗಳನ್ನು ನೋಡಿದರು, ಕಣಿವೆಯನ್ನು ನೋಡಲಿಲ್ಲ ಎಂದೇ ನನಗೆ ಅನ್ನಿಸುತ್ತದೆ.

ಯೋಜನೆಯ ಲೆಕ್ಕ ನಡೆಯುವ ರೀತಿ ಹೀಗಿದೆ. ಜನಗಣತಿಯ ಅಂಕಿಗಳನ್ನು ಮುಂದಕ್ಕೆ ಎಳೆದು 30 ವರ್ಷಗಳ ನಂತರದ ಜನಸಂಖ್ಯೆಯನ್ನು ಅಂದಾಜಿಸುತ್ತಾರೆ. ಪಂಪುಗಳಿಗೆ ಮಾತ್ರ 15 ವರ್ಷಗಳ ಅವಧಿ. ಒಳಚರಂಡಿ ಇರುವ ಪಟ್ಟಣದಲ್ಲಿ ತಲೆಗೆ ದಿನಕ್ಕೆ 135 ಲೀಟರ್ ನೀರು, ಅದರ ಸುಮಾರು ಶೇ. 80 ಭಾಗ ಕೊಳಚೆಯಾಗಿ ಮರಳುತ್ತದೆ ಎಂಬುದು ರೂಢಿಯ ಸೂತ್ರ. ಅಂದರೆ 50,000 ಜನರಿರುವ ಊರಿಗೆ 67.5 ಲಕ್ಷ ಲೀಟರ್ ನೀರು ತಂದವರು 54 ಲಕ್ಷ ಲೀಟರ್ ಕೊಳಚೆಗೂ ಅಂದೇ ದಾರಿ ಯೋಚಿಸಬೇಕು. ನಮ್ಮಲ್ಲಿ ನೀರಿನ ಯೋಜನೆಗೆ ಬೇಡಿಕೆ, ಹಾರ, ಉದ್ಘಾಟನೆ ಎಲ್ಲವೂ ಇದೆ. ಕೊಳಚೆಯ ದಾರಿಯನ್ನು ಕೇಳುವವರು ಕಡಿಮೆ.

ಸೂತ್ರಕ್ಕೆ ಸಿಗದ ಸಂಗತಿಗಳೂ ಇವೆ. ಸೀಬರ್ಡ್ ನೌಕಾನೆಲೆಯೂ ಕೈಗಾ ಅಣುಸ್ಥಾವರವೂ ಯಾವ ಜನಗಣತಿಯ ಗೆರೆಯನ್ನು ಅನುಸರಿಸಿಯೂ ಬಂದವಲ್ಲ. ಎರಡು ವರ್ಷಕ್ಕೊಮ್ಮೆ ಶಿರಸಿಯ ಮಾರಿಕಾಂಬಾ ಜಾತ್ರೆಗೆ ಲಕ್ಷಾಂತರ ಜನ ಬರುವುದು ಬೇಸಿಗೆ ಕಾಲಿಡುವ ಹೊತ್ತಿಗೆ; ಗೋಕರ್ಣದ ಶಿವರಾತ್ರಿಯೂ ಹೊಳೆ ಇಳಿಯುವ ಕಾಲದ್ದೇ. ಮಳೆಗಾಲದಲ್ಲಿ ಕೊಚ್ಚಿ ಹರಿಯುವ ಜಿಲ್ಲೆಗೆ ಬರಗಾಲದ ಲೆಕ್ಕ ಏಕೆ ಎನ್ನುವವರು ಏಪ್ರಿಲ್, ಮೇ ತಿಂಗಳಲ್ಲಿ ಹೊಳೆ ನೋಡಿರುವುದಿಲ್ಲ. ಕಾಳಿ ಮತ್ತು ಶರಾವತಿಗಳಲ್ಲಿ ವಿದ್ಯುದಾಗಾರಗಳು ಬಿಡುವ ನೀರು ಬೇಸಿಗೆಯಲ್ಲೂ ಹರಿಯುತ್ತದೆ. ದೊಡ್ಡ ಅಣೆಕಟ್ಟಿಲ್ಲದ ಗಂಗಾವಳಿ, ಅಘನಾಶಿನಿಗಳಲ್ಲಿ ಹರಿವು ಕುಗ್ಗಿದಂತೆ ಭರತದ ಉಪ್ಪುನೀರು ಮೇಲೇರುತ್ತದೆ. (ಅಣೆಕಟ್ಟಿಲ್ಲದಿರುವುದನ್ನು ನಾನು ಕೊರತೆಯೆಂದು ಎಣಿಸುವುದಿಲ್ಲ.) ಹಾಗಾಗಿ ಬೇಡ್ತಿಯ ನೀರನ್ನು ವರದಾ ನದಿಗೆ ತಿರುಗಿಸುವ ಬೇಡ್ತಿ–ವರದಾ ಜೋಡಣೆಯಂತಹ ಪ್ರಸ್ತಾವಗಳನ್ನು ತೂಗುವಾಗ ನೋಡಬೇಕಾದದ್ದು ವಾರ್ಷಿಕ ಸರಾಸರಿಯನ್ನಲ್ಲ, ಮೇ ತಿಂಗಳ ಕೊನೆಯ ವಾರದ ಹರಿವನ್ನು.

ಕೊಳಚೆಯ ವಿಷಯದಲ್ಲಿ ಎಲ್ಲ ಊರಿಗೂ ಒಳಚರಂಡಿಯೇ ಪರಿಹಾರ ಎಂಬ ನಂಬಿಕೆಯನ್ನು ನಾನು ಒಪ್ಪುವುದಿಲ್ಲ. ಕರಾವಳಿಯ ಸಮತಟ್ಟು ಜಾಗದಲ್ಲಿ ಕೊಳವೆಗೆ ಇಳಿಜಾರು ಕೊಡಲು ಆಳಕ್ಕೆ ಅಗೆಯಬೇಕು, ಅಲ್ಲಲ್ಲಿ ಪಂಪು ಹಾಕಿ ಮೇಲೆತ್ತಬೇಕು, ಮಳೆಗಾಲದಲ್ಲಿ ಅಂತರ್ಜಲ ನೆಲಮಟ್ಟಕ್ಕೆ ಬಂದಾಗ ಬಿರುಕು ಬಿಟ್ಟ ಜೋಡಣೆಗಳಿಂದ ಒಳನುಗ್ಗುವ ನೀರನ್ನೂ ಶುದ್ಧೀಕರಣ ಘಟಕವೇ ಹೊರಬೇಕು. ಆ ಪಂಪುಗಳ ಕರೆಂಟ್ ಬಿಲ್ಲು ಪ್ರತಿ ತಿಂಗಳೂ ಬರುತ್ತದೆ, ಸಾಲ ಕೊಟ್ಟ ಬ್ಯಾಂಕು ಅದನ್ನು ಕಟ್ಟುವುದಿಲ್ಲ. ಇತ್ತ ಒಂದೇ ಹಿತ್ತಲಲ್ಲಿ ಬಾವಿಯೂ ತಳಕ್ಕೆ ಕಾಂಕ್ರೀಟಿಲ್ಲದ ಹೊಂಡವೂ ಇರುವ ಮನೆಗಳನ್ನು ಹಾಗೆಯೇ ಬಿಡುವಂತೆಯೂ ಇಲ್ಲ, ಏಕೆಂದರೆ ಚಿರೇಕಲ್ಲಿನ ನೆಲದಲ್ಲಿ ಸಂದುಗಳಿದ್ದು ಹೊಂಡದ ನೀರು ಸರಿಯಾಗಿ ಸೋಸದೆಯೇ ಬಾವಿ ಸೇರಬಹುದು. ಪೇಟೆಯ ಒತ್ತೊತ್ತಾದ ಬೀದಿಗಳಿಗೆ ಒಳಚರಂಡಿ ಇರಲಿ. ಉಳಿದೆಡೆ ಗಟ್ಟಿ ತಳದ ಸೆಪ್ಟಿಕ್ ಟ್ಯಾಂಕ್, ಎರಡು ಮೂರು ವರ್ಷಕ್ಕೊಮ್ಮೆ ಪುರಸಭೆಯೇ ಸರದಿಯಂತೆ ಬಂದು ಖಾಲಿ ಮಾಡುವ ವ್ಯವಸ್ಥೆ, ಹೀರಿದ್ದನ್ನು ಹಳ್ಳಕ್ಕೆ ಸುರಿಯದಂತೆ ಒಂದು ಸಂಸ್ಕರಣಾ ಘಟಕ ಸಾಕು. ದೇವನಹಳ್ಳಿಯಲ್ಲಿ 2015ರಲ್ಲೇ ಇಂತಹ ಘಟಕ ಶುರುವಾಗಿದೆ.

ಇದಕ್ಕೆಲ್ಲ ಮೊದಲು ಬೇಕಾದದ್ದು ಜಾಗ. ಒಂದು ಕಡೆ ಕಡಲು, ಇನ್ನೊಂದು ಕಡೆ ಮೀಸಲು ಅರಣ್ಯ, ನಡುವೆ ಹೆದ್ದಾರಿ ಮತ್ತು ರೈಲುಹಳಿ. ಉಳಿದ ಕಿರಿದಾದ ನೆಲದಲ್ಲಿ ನೆರೆಗೆ ಮುಳುಗದ, ಗುಡ್ಡ ಕುಸಿಯದ ಎಕರೆಗಳು ತೀರಾ ಕಡಿಮೆ. 2024ರ ಜುಲೈಯಲ್ಲಿ ಶಿರೂರಿನ ಗುಡ್ಡ ಜರಿದು ಹೆದ್ದಾರಿ ದಾಟಿ ಗಂಗಾವಳಿಗೇ ಬಿದ್ದದ್ದನ್ನು ನೋಡಿದ ಮೇಲೆ ಪಂಪ್‌ಹೌಸ್, ಮುಖ್ಯ ಕೊಳವೆ, ಶುದ್ಧೀಕರಣ ಘಟಕಗಳ ಜಾಗವನ್ನು ಲೇಔಟುಗಳಿಗೆ ಪರವಾನಿಗೆ ಕೊಡುವ ಮೊದಲೇ ನಕ್ಷೆಯಲ್ಲಿ ಗುರುತಿಸಿ ಕಾದಿರಿಸುವುದು ಅನಿವಾರ್ಯ. ಶಿರಸಿ ನಗರಸಭೆಯ ಕೊಳಚೆ ಯೋಜನೆಯ ಕರಡು ಕುಮಟಾ ಪುರಸಭೆಯ ಸಾಮಾನ್ಯ ಸಭೆಯಲ್ಲೂ ಚರ್ಚೆಗೆ ಬರಬೇಕೆಂದು ಜಿಲ್ಲಾಡಳಿತ ಸೂಚಿಸಿದರೆ, ಅದಕ್ಕೆ ಹೊಸ ಅನುದಾನವೇನೂ ಬೇಕಾಗಿಲ್ಲ.