ಒಂದೂವರೆ ಪುಟದ ಪಾತ್ರ

ಕಾಲೇಜಿನ ಸಂಚಿಕೆಗೆ ಏನಾದರೂ ಬರೆದುಕೊಡಿ ಎಂದು ಫೋನ್ ಬಂದಾಗ ಮೊದಲು ನಗು ಬಂತು. ನಾನು ಈ ಕಾಲೇಜಿನಲ್ಲಿ ರ್‍ಯಾಂಕ್ ತೆಗೆದವನಲ್ಲ. ಕಬಡ್ಡಿಯಲ್ಲಿ ಕಪ್ ತಂದವನೂ ಅಲ್ಲ. ನನ್ನ ಹೆಸರು ಎಲ್ಲಾದರೂ ಇದ್ದರೆ 1998ರ ಒಂದು ನಾಟಕದ ಕರಪತ್ರದಲ್ಲಿ ಇರಬೇಕು, ಕೆಳಗಿನಿಂದ ಮೂರನೆಯದು. ಪಾತ್ರ: ಕುರಿ ಕಾಯುವವನು. ಆ ಪಾತ್ರ ಕೊಟ್ಟರು ಅಂತ ನಾನು ಕನ್ನಡ ಮೇಷ್ಟ್ರ ಹತ್ತಿರ ಮೂರು ದಿನ ಮಾತು ಬಿಟ್ಟಿದ್ದೆ. ಅದನ್ನೇ ಬರೆಯುತ್ತೇನೆ.

ನಮ್ಮೂರು ಜಗಳೂರು ತಾಲ್ಲೂಕು. ನಾನು ಬಿ.ಎ.ಗೆ ಸೇರಿದ 1997ರಲ್ಲೇ ದಾವಣಗೆರೆ ಜಿಲ್ಲೆಯಾಯಿತು. ಮನೆ ಕದಲಲಿಲ್ಲ, ಚಿತ್ರದುರ್ಗದವರು ದಾವಣಗೆರೆಯವರಾದೆವು. ನಾಟಕ ಅಂದರೆ ನನಗೆ ಗೊತ್ತಿದ್ದದ್ದು ಎರಡೇ ಬಗೆ. ಒಂದು ಊರಿನ ನಾಟಕ. ಕಂದಗಲ್ಲ ಹನುಮಂತರಾಯರ ‘ರಕ್ತರಾತ್ರಿ’, ಇಲ್ಲವೆಂದರೆ ‘ಕುರುಕ್ಷೇತ್ರ’. ಹಾರ್ಮೋನಿಯಂ ಮಾಸ್ತರು ಬಂದು ಊರಲ್ಲೇ ಉಳಿದು ಕಲಿಸುತ್ತಿದ್ದರು. ಪಾತ್ರಕ್ಕೆ ತಕ್ಕಂತೆ ದುಡ್ಡು ಕಟ್ಟಬೇಕು. ದುರ್ಯೋಧನ, ಭೀಮ ಅಂದರೆ ಜಾಸ್ತಿ. ದ್ವಾರಪಾಲಕ ಪುಕ್ಕಟೆ. ಹಾಗಾಗಿ ಯಾವ ಪಾತ್ರದ ಬೆಲೆ ಎಷ್ಟು ಅಂತ ನಮ್ಮೂರಲ್ಲಿ ಚಿಕ್ಕ ಹುಡುಗರಿಗೂ ಗೊತ್ತಿತ್ತು.

ಇನ್ನೊಂದು ಕಂಪನಿ ನಾಟಕ. ಚಿಂದೋಡಿ ಲೀಲಾ ಅವರ ಕೆ.ಬಿ.ಆರ್. ಡ್ರಾಮಾ ಕಂಪನಿ ದಾವಣಗೆರೆಯದೇ ಅಲ್ವಾ. ಎರಡು ವರ್ಷಕ್ಕೊಮ್ಮೆ ದುರ್ಗಮ್ಮನ ಜಾತ್ರೆ ಬಂದರೆ ನಾಟಕದ ಟೆಂಟುಗಳು ಏಳುತ್ತಿದ್ದವು. ಸತ್ತು ಬಿದ್ದವನು ಜನ ‘ಒನ್ಸ್ ಮೋರ್’ ಅಂದರೆ ಎದ್ದು ಕೂತು ಹಾಡಿ ಮತ್ತೆ ಸಾಯುತ್ತಿದ್ದ ಅಂತ ನಮ್ಮಪ್ಪ ಹೇಳುತ್ತಿದ್ದರು. ನನಗೆ ಅದರಲ್ಲಿ ತಪ್ಪೇನೂ ಕಾಣುತ್ತಿರಲಿಲ್ಲ. ಈಗಲೂ ಅಷ್ಟಾಗಿ ಕಾಣುವುದಿಲ್ಲ.

ಇಂಥ ತಲೆ ಹೊತ್ತುಕೊಂಡು ಮೇಷ್ಟ್ರ ಕ್ಲಾಸಿಗೆ ಹೋಗಿ ಕೂತೆ. ಮೊದಲ ಟೆಸ್ಟಿನಲ್ಲಿ ‘ದುಷ್ಯಂತನ ಪಾತ್ರ ಚಿತ್ರಣ’ ಅಂತ ಹತ್ತು ಅಂಕದ ಪ್ರಶ್ನೆ. ಗೈಡಿನಲ್ಲಿದ್ದದ್ದನ್ನು ಬಾಯಿಪಾಠ ಮಾಡಿ ಇಳಿಸಿದ್ದೆ. ಧೀರ, ಉದಾರಿ, ಪ್ರಜಾವತ್ಸಲ, ರಸಿಕ. ಮೇಷ್ಟ್ರು ಪೇಪರ್ ಕೊಡುವಾಗ ನನ್ನ ಉತ್ತರವನ್ನು ಜೋರಾಗಿ ಓದಿದರು. ಆಮೇಲೆ ಕೇಳಿದರು, “ಇದೇನಪ್ಪಾ, ಹುಡುಗನ ಬಯೋಡಾಟಾನಾ? ಹೆಣ್ಣು ನೋಡೋಕೆ ಹೊರಟಿದ್ದಾರಾ?” ಹುಡುಗಿಯರ ಬೆಂಚಿನಿಂದ ಬಂದ ನಗು ಇವತ್ತಿಗೂ ಕಿವಿಯಲ್ಲಿದೆ.

ಆವತ್ತು ಅವರು ಹೇಳಿದ್ದು ಇಷ್ಟು. ಮಹಾಭಾರತದ ದುಷ್ಯಂತ ಏನನ್ನೂ ಮರೆತಿರುವುದಿಲ್ಲ. ಸಭೆಯಲ್ಲಿ ಶಕುಂತಲೆ ಮಗನ ಕೈಹಿಡಿದು ಬಂದು ನಿಂತರೆ ಗುರುತಿದ್ದೂ ಇಲ್ಲ ಅನ್ನುತ್ತಾನೆ. ಅಶರೀರವಾಣಿ ಕೇಳಿಸಿದ ಮೇಲೆ ಒಪ್ಪಿಕೊಂಡು, ಜನ ಅನುಮಾನ ಪಡಬಾರದು ಅಂತ ಹಾಗೆ ಮಾಡಿದೆ ಅನ್ನುತ್ತಾನೆ. ಅಲ್ಲಿ ದುರ್ವಾಸರ ಶಾಪ ಇಲ್ಲ, ಉಂಗುರವೂ ಇಲ್ಲ. ಎರಡನ್ನೂ ತಂದವನು ಕಾಳಿದಾಸ. ಕಥೆಗೆ ಒಂದು ಉಂಗುರ ಸೇರಿಸಿದ ಕೂಡಲೇ ಸುಳ್ಳು ಹೇಳುವ ರಾಜ ಮರೆತು ಒದ್ದಾಡುವ ರಾಜನಾಗಿಬಿಟ್ಟ. “ಈಗ ಹೇಳು, ನೀನು ಬರೆದ ಗುಣಗಳೆಲ್ಲ ದುಷ್ಯಂತನವೋ, ಉಂಗುರದವೋ?” ಅಂದರು. ಉತ್ತರ ನನ್ನ ಹತ್ತಿರ ಇರಲಿಲ್ಲ. ಗೈಡಿನಲ್ಲೂ ಇರಲಿಲ್ಲ.

ಆ ಉಂಗುರ ಸಿಗುವ ಭಾಗವನ್ನು ಮೇಷ್ಟ್ರು ಎರಡು ದಿನ ಪಾಠ ಮಾಡಿದರು. ಆರನೇ ಅಂಕದ ಶುರುವಿನಲ್ಲಿ ಬರುತ್ತದೆ. ಮೀನಿನ ಹೊಟ್ಟೆಯಲ್ಲಿ ರಾಜನ ಹೆಸರಿನ ಉಂಗುರ ಸಿಕ್ಕ ಬೆಸ್ತನನ್ನು ಕಾವಲುಗಾರರು ಹೊಡೆದು ಬಡಿದು ಎಳೆದು ತರುತ್ತಾರೆ. ಇವನನ್ನು ಕೊಲ್ಲಿಸಲು ಕೈ ತುರಿಸುತ್ತಿದೆ ಅನ್ನುವಷ್ಟು ಉತ್ಸಾಹ. ರಾಜ ಉಂಗುರ ನೋಡಿ ಬೆಸ್ತನಿಗೆ ಇನಾಮು ಕಳಿಸುತ್ತಾನೆ. ಬೆಸ್ತ ಅರ್ಧ ಇವರಿಗೆ ಕೊಡುತ್ತಾನೆ. ಕೊಟ್ಟ ಕೂಡಲೇ ಸ್ನೇಹ! ಎಲ್ಲರೂ ಸೇರಿ ಹೆಂಡದಂಗಡಿಗೆ ಹೊರಡುತ್ತಾರೆ. ಅಷ್ಟು ನಾಜೂಕಾದ ಪ್ರೇಮದ ಕಥೆಯ ನಡುವೆ ಇದು ಯಾಕೆ? ನಾವು ‘ಹಾಸ್ಯಕ್ಕೆ’ ಅಂದೆವು. ಮೇಷ್ಟ್ರು ತಲೆ ಅಲ್ಲಾಡಿಸಿದರು. ರಾಜನ ನೆನಪು ಬರುವುದು ರಾಜನಿಂದಲ್ಲ, ಒದೆ ತಿಂದ ಬೆಸ್ತನಿಂದ. ಆ ಬೆಸ್ತನ ಹೆಸರು ಕೂಡ ನಮಗೆ ಗೊತ್ತಾಗುವುದಿಲ್ಲ, ನೋಡಿ ಅಂದರು.

ಕಾರ್ನಾಡರ ‘ತುಘಲಕ್’ ಓದಿಸುವಾಗಲೂ ಹಾಗೇ. ನಾವು ಸುಲ್ತಾನನ ಆದರ್ಶ, ಹುಚ್ಚು, ದಿಲ್ಲಿಯಿಂದ ದೌಲತಾಬಾದು ಅಂತ ಪುಟ ತುಂಬಿಸುತ್ತಿದ್ದರೆ ಅವರು ಅಗಸರ ಅಜೀಜನನ್ನು ಹಿಡಿದು ಕೂರುತ್ತಿದ್ದರು. ಸುಲ್ತಾನ ಒಂದೊಂದು ಕಾನೂನು ಮಾಡಿದಾಗಲೂ ಅದರಲ್ಲಿ ತೂತು ಎಲ್ಲಿದೆ ಅಂತ ಮೊದಲು ಕಾಣುವುದು ಅವನಿಗೆ. ಬ್ರಾಹ್ಮಣನ ವೇಷ ಹಾಕಿ ಸುಲ್ತಾನನ ಮೇಲೇ ಕೇಸು ಗೆಲ್ಲುತ್ತಾನೆ. ತಾಮ್ರದ ನಾಣ್ಯ ಬಂದರೆ ಖೋಟಾ ನಾಣ್ಯ ಮಾಡುತ್ತಾನೆ.

ಇಷ್ಟೆಲ್ಲ ಕೇಳಿಸಿಕೊಂಡವನು ನಾನು. ಆದರೂ ಬುದ್ಧಿ ಬಂದಿರಲಿಲ್ಲ. ಎರಡನೇ ವರ್ಷ ಅಂತರ ಕಾಲೇಜು ಸ್ಪರ್ಧೆಗೆ ಲಂಕೇಶರು ಕನ್ನಡಕ್ಕೆ ತಂದ ಸಾಫೊಕ್ಲಿಸನ ಗ್ರೀಕ್ ನಾಟಕ ‘ದೊರೆ ಈಡಿಪಸ್’ ಮಾಡೋಣ ಅಂದಾಗ ನನಗೆ ದೊರೆಯೇ ಬೇಕಿತ್ತು. ದನಿ ಇತ್ತು, ಎತ್ತರ ಇತ್ತು. ದೊರೆ ಹರಿಹರದ ಹುಡುಗನಿಗೆ ಹೋಯಿತು. ನನಗೆ ಸಿಕ್ಕಿದ್ದು ಕೊನೆಯಲ್ಲಿ ಬಂದು ಒಂದೂವರೆ ಪುಟ ಮಾತಾಡಿ ಹೋಗುವ ಮುದುಕ ಕುರಿಗಾಹಿ. ನಮ್ಮೂರಲ್ಲಾಗಿದ್ದರೆ ಪುಕ್ಕಟೆ ಕೊಡುವ ಪಾತ್ರ. ಮನೇಲಿ ಕುರಿ ಇವೆ ಅಂತ ತಾನೇ ಇದನ್ನು ಕೊಟ್ಟಿದ್ದು ಅಂತ ಉರಿ ಹತ್ತಿತು. ಮೂರು ದಿನ ರಿಹರ್ಸಲ್ಲಿಗೆ ಹೋಗಲಿಲ್ಲ.

ನಾಲ್ಕನೇ ದಿನ ಮೇಷ್ಟ್ರು ಹಾಸ್ಟೆಲಿಗೆ ಬಂದರು. ಕೈಯಲ್ಲಿ ಮಂಡಕ್ಕಿ ಮೆಣಸಿನಕಾಯಿಯ ಪೊಟ್ಟಣ. “ಹೌದಪ್ಪ, ಕುರಿ ಇವೆ ಅಂತಾನೇ ಕೊಟ್ಟೆ. ಬೇರೆಯವರು ಅದನ್ನ ಹೊರಗಿಂದ ಮಾಡ್ತಾರೆ” ಅಂದರು. ನಾನು ಮಂಡಕ್ಕಿ ತಿಂದೆ. ರಿಹರ್ಸಲ್ಲಿಗೂ ಹೋದೆ.

ಅಲ್ಲಿ ಅವರದ್ದೊಂದು ಪದ್ಧತಿ ಇತ್ತು. ಹಳೇ ಕಪ್ಪು ಹಲಗೆ ಮೇಲೆ ಪಾತ್ರಗಳ ಹೆಸರು ಸಾಲಾಗಿ ಬರೆಯುವುದು. ಪ್ರತಿ ದೃಶ್ಯ ಮುಗಿದ ಮೇಲೆ ಒಬ್ಬೊಬ್ಬರ ಮುಂದೆ ‘ಇವನಿಗೆ ಈಗ ಏನು ಗೊತ್ತು’ ಅಂತ ತುಂಬಿಸುವುದು. ಸುಮ್ನೆ ಆಟದ ಹಾಗೆ ಶುರುವಾದದ್ದು. ಒಂದು ವಾರದಲ್ಲಿ ನಾಟಕದ ಎಲುಬು ಕಾಣತೊಡಗಿತು. ದೊರೆ ಈಡಿಪಸ್ ಗೊತ್ತಿಲ್ಲದೆ ತಂದೆಯನ್ನು ಕೊಂದದ್ದು, ತಾಯಿಯನ್ನು ಮದುವೆಯಾದದ್ದು ಎಲ್ಲ ಪರದೆ ಏಳುವುದಕ್ಕೆ ಎಷ್ಟೋ ವರ್ಷ ಮೊದಲೇ ಆಗಿಹೋಗಿದೆ. ನಾಟಕದೊಳಗೆ ನಡೆಯುವುದು ಬರೀ ವಿಚಾರಣೆ. ಊರಿಗೆ ರೋಗ ಬಂದಿದೆ, ಹಳೇ ದೊರೆ, ಅಂದರೆ ಅವನ ತಂದೆ, ಲೈಯಸ್‌ನನ್ನು ಕೊಂದವನು ಯಾರು ಅಂತ ಪತ್ತೆ ಆಗಬೇಕು. ಹುಡುಕುವವನೇ ಸಿಕ್ಕಿಬೀಳುವವನು. ಅಥೆನ್ಸಿನ ಜನಕ್ಕೆ ಈ ಕಥೆ ಮೊದಲೇ ಗೊತ್ತಿತ್ತು, ನಮಗೆ ಭೀಮ ತೊಡೆ ಮುರಿಯುವುದು ಗೊತ್ತಿರುವ ಹಾಗೆ. ಅವರು ಕಾದು ನೋಡುತ್ತಿದ್ದದ್ದು ಇವನಿಗೆ ಯಾವಾಗ ಗೊತ್ತಾಗುತ್ತದೆ ಅಂತ.

ಹಲಗೆಯ ಮೇಲೆ ಮೊದಲ ದೃಶ್ಯದಿಂದಲೇ ‘ಎಲ್ಲಾ ಗೊತ್ತು’ ಅಂತ ತುಂಬಿದ್ದು ಎರಡೇ ಹೆಸರಿನ ಮುಂದೆ. ಕುರುಡ ಕಣಿ ಹೇಳುವ ಟೈರೀಸಿಯಸ್ ಮತ್ತು ನಾನು. ಕಣಿಯವನಿಗೆ ದೇವರು ಹೇಳಿದ್ದು. ನನಗೆ ಕಣ್ಣಾರೆ ಕಂಡದ್ದು. ಕಾಲಿನ ಹರಡು ಚುಚ್ಚಿ ಕಟ್ಟಿದ ಕೂಸು ಈಡಿಪಸನನ್ನು ಬೆಟ್ಟದಲ್ಲಿ ಬಿಟ್ಟು ಬಾ ಅಂತ ಕೊಟ್ಟದ್ದು ನನ್ನ ಕೈಗೆ. ಮೂರು ದಾರಿ ಕೂಡುವಲ್ಲಿ ಲೈಯಸ್ ಸತ್ತಾಗ ಬದುಕಿ ಓಡಿಬಂದ ಒಬ್ಬನೇ ಆಳೂ ನಾನೇ. ಊರಿಗೆ ಬಂದು ನೋಡಿದರೆ ಕೊಂದವನು ಸಿಂಹಾಸನದ ಮೇಲಿದ್ದಾನೆ. ರಾಣಿಯ ಕೈಹಿಡಿದು ಬೇಡಿಕೊಂಡು ಊರೇ ಕಾಣದಷ್ಟು ದೂರ, ಕುರಿ ಮೇಯಿಸಲು ಹೊರಟುಹೋಗುತ್ತೇನೆ. ಎರಡು ಬೇರೆ ಬೇರೆ ಗುಟ್ಟನ್ನು ನಾಟಕಕಾರ ಒಬ್ಬನೇ ಮುದುಕನ ಜೋಳಿಗೆಗೆ ಹಾಕಿದ್ದಾನೆ. ದೊರೆಯ ಪಾತ್ರದ ಆಸೆ ನನಗೆ ಆವತ್ತೇ ಹೋಯಿತು.

ಇನ್ನೊಂದು ವಿಷಯದ ಮೇಲೆ ನಮ್ಮಲ್ಲಿ ಜಗಳವೇ ಆಯಿತು. ಓಡಿಬಂದ ಆಳು ಊರಲ್ಲಿ ಏನು ಹೇಳಿದ್ದ? ಕಳ್ಳರು ಬಿದ್ದು ಕೊಂದರು ಅಂತ. ಕಳ್ಳ ಅಲ್ಲ, ಕಳ್ಳರು. ಈ ಸುದ್ದಿಯನ್ನು ರಾಣಿಯ ಸೋದರ ಕ್ರಿಯೋನ್ ಹೇಳಿದ ಮರುಕ್ಷಣವೇ ಈಡಿಪಸ್ ‘ಆ ಕಳ್ಳ’ ಅಂತ ಒಬ್ಬನನ್ನೇ ಮಾಡಿ ಮಾತಾಡುತ್ತಾನೆ. ಬಾಯಿ ತಪ್ಪಿದ್ದೋ, ಒಳಗಿನದು ಹೊರಗೆ ಬಂದದ್ದೋ. ಆಮೇಲೆ ಅನುಮಾನ ತನ್ನ ಮೇಲೇ ತಿರುಗಿದಾಗ ಅದೇ ‘ರು’ ಹಿಡಿದು ನೇತಾಡುತ್ತಾನೆ. ಆ ಕುರಿಗಾಹಿ ಬರಲಿ, ಈಗಲೂ ಹಲವರು ಅಂದರೆ ನಾನು ಉಳಿದೆ, ಒಬ್ಬ ಹಲವರಾಗಲು ಸಾಧ್ಯವಿಲ್ಲವಲ್ಲ ಅನ್ನುತ್ತಾನೆ. ನಮ್ಮ ಕನ್ನಡದಲ್ಲಂತೂ ‘ರು’ ಅಂದರೆ ಮರ್ಯಾದೆಗೂ ಆಯಿತು, ಗುಂಪಿಗೂ ಆಯಿತು. ಒಂದಕ್ಷರದ ಮೇಲೆ ಒಬ್ಬನ ಜೀವ.

ತಮಾಷೆ ಏನು ಗೊತ್ತಾ? ಕುರಿಗಾಹಿ ಬಂದ ಮೇಲೆ ಆ ಪ್ರಶ್ನೆಯನ್ನು ಯಾರೂ ಕೇಳುವುದೇ ಇಲ್ಲ. ಅಷ್ಟರಲ್ಲಿ ಕೂಸಿನ ವಿಷಯ ಎದ್ದಿರುತ್ತದೆ, ಎಲ್ಲ ಅದರಲ್ಲೇ ಮುಗಿಯುತ್ತದೆ. ಹಾಗಾದರೆ ಇವನು ಸುಳ್ಳು ಹೇಳಿದ್ದು ಯಾಕೆ? ಕ್ರಿಯೋನ್ ಮಾಡುತ್ತಿದ್ದವನು ಭಯಕ್ಕೆ ಅಂದ. ನಾನು ನಾಚಿಕೆಗೆ ಅಂದೆ. ಒಬ್ಬನೇ ಒಬ್ಬ ದಾರಿಹೋಕ ನಮ್ಮೆಲ್ಲರನ್ನೂ ಹೊಡೆದುಹಾಕಿದ ಅಂತ ಜೊತೆಗಿದ್ದ ಆಳು ಯಾವ ಬಾಯಲ್ಲಿ ಹೇಳಿಯಾನು? ಮೇಷ್ಟ್ರು ಇಬ್ಬರಿಗೂ ಸರಿ ಅನ್ನಲಿಲ್ಲ. ನಾನೀಗ ಕೋರ್ಟಿನಲ್ಲಿ ಗುಮಾಸ್ತ. ಸಾಕ್ಷಿ ಕಟ್ಟೆಯಲ್ಲಿ ನಿಂತು ಟವೆಲ್ ತುದಿ ಹಿಂಡುವವರನ್ನು ದಿನಾ ನೋಡುತ್ತೇನೆ. ನಾಚಿಕೆಗೆ ಹೇಳುವ ಸುಳ್ಳು ಭಯದ ಸುಳ್ಳಿಗಿಂತ ಜಾಸ್ತಿ ದಿನ ಬಾಳುತ್ತದೆ ಅಂತ ಈಗಲೂ ನನ್ನ ವಾದ.

ಎಲ್ಲ ಅರ್ಥವಾದರೂ ಒಂದು ಮಾತು ಮಾತ್ರ ಬಾಯಿಗೆ ಕೂರುತ್ತಿರಲಿಲ್ಲ. ಕೊಲ್ಲಲು ಕೊಟ್ಟ ಕೂಸನ್ನು ಇನ್ನೊಬ್ಬನಿಗೆ ಯಾಕೆ ಕೊಟ್ಟೆ ಅಂತ ದೊರೆ ಕೇಳುತ್ತಾನೆ. ಕರುಣೆ ಬಂತು ಅಂತ ಇವನ ಉತ್ತರ. ನಾನು ಅದನ್ನು ‘ರಕ್ತರಾತ್ರಿ’ಯ ರಾಗದಲ್ಲಿ, ಎದೆ ಮುಟ್ಟಿಕೊಂಡು ಹೇಳುತ್ತಿದ್ದೆ. ಮೇಷ್ಟ್ರು ‘ಊಹೂಂ’ ಅಂದು ಸಾಕಾದರು. ಹಬ್ಬಕ್ಕೆ ಊರಿಗೆ ಹೋದಾಗ ಅಜ್ಜನನ್ನು ಕೇಳಿದೆ. ಅಜ್ಜ ಬೆಳೆ ಕೊಯ್ದ ಮೇಲೆ ಮಂದೆ ಹೊಡೆದುಕೊಂಡು ಭದ್ರಾ ನಾಲೆಯ ಗದ್ದೆಗಳ ಕಡೆ ಹೋಗಿ, ಗೊಬ್ಬರಕ್ಕೆ ಅಂತ ಹೊಲದಲ್ಲಿ ಕುರಿ ತರುಬಿ, ತಿಂಗಳುಗಟ್ಟಲೆ ಇದ್ದು ಬರುತ್ತಿದ್ದವನು. ದಾರಿಯಲ್ಲಿ ಈಯ್ದ ಮರಿಗಳನ್ನು ಕಂಬಳಿಯಲ್ಲಿ ಸುತ್ತಿಕೊಂಡು ನಡೆದವನು. ನಾನು ಕಥೆ ಹೇಳಿ, ನಿನಗೆ ಹಾಗೆ ಕೊಟ್ಟಿದ್ದರೆ ಏನು ಮಾಡುತ್ತಿದ್ದೆ ಅಂದೆ. ಅಜ್ಜ ಬೀಡಿ ಆರಿಸಿ ಹೇಳಿದ, “ಎಳೇದು ಕೈಗೆ ಬಂದ್ರೆ ಆಗಲ್ಲ ಕಣಪ್ಪ. ಕೈಯಾಗೆ ಬೆಚ್ಚಗಿರ್ತೈತಲ್ಲ.” ಅಷ್ಟೇ. ಅದು ಅವನಿಗೆ ದೊಡ್ಡ ವಿಷಯವೇ ಆಗಿರಲಿಲ್ಲ.

ವಾಪಸು ಬರುವಾಗ ಅಜ್ಜನ ಕಂಬಳಿಯನ್ನೂ ತಂದೆ. ಅದರ ವಾಸನೆಗೆ ದೊರೆ ಮೂಗು ಮುಚ್ಚಿಕೊಂಡ. ಪ್ರದರ್ಶನದ ದಿನ, ನನ್ನ ಕೈ ಹಿಂದಕ್ಕೆ ತಿರುಚಿ ಕಟ್ಟಿರಿ ಅಂತ ಆಳುಗಳಿಗೆ ಗುಡುಗುವ ಜಾಗದಲ್ಲಿ ಜೋರಾಗಿ ಸೀನಿಬಿಟ್ಟ. ಜನ ನಕ್ಕರು. ಆ ನಗು ಇಳಿಯುವ ಹೊತ್ತಿಗೆ ನನ್ನ ಮಾತು ಬಂತು. ಎದೆ ಮುಟ್ಟಿಕೊಳ್ಳಲಿಲ್ಲ. ಅಂಗೈ ನೋಡಿಕೊಂಡು ಮೆಲ್ಲಗೆ ಹೇಳಿದೆ. ಹಿಂದಿನ ಸಾಲಿಗೆ ಕೇಳಿಸಿತೋ ಇಲ್ಲವೋ ಗೊತ್ತಿಲ್ಲ.

ನಮಗೆ ಯಾವ ಬಹುಮಾನವೂ ಬರಲಿಲ್ಲ. ಮೇಷ್ಟ್ರು ಸಮಾಧಾನಕ್ಕೆ ಒಂದು ಕಥೆ ಹೇಳಿದರು. ಸಾಫೊಕ್ಲಿಸ್ ಈ ನಾಟಕ ಆಡಿಸಿದಾಗ ಅವನಿಗೇ ಎರಡನೇ ಬಹುಮಾನವಂತೆ. ಮೊದಲನೆಯದು ಫಿಲೋಕ್ಲಿಸ್ ಅನ್ನುವವನಿಗೆ. ಅವನ ಒಂದು ನಾಟಕವೂ ಇವತ್ತು ಉಳಿದಿಲ್ಲ. ಸಾಫೊಕ್ಲಿಸ್ ಬರೆದ ನೂರಿಪ್ಪತ್ತಕ್ಕೂ ಹೆಚ್ಚು ನಾಟಕಗಳಲ್ಲೂ ಪೂರ್ತಿ ಉಳಿದಿರುವುದು 7 ಮಾತ್ರ. ಈಗ ನವೆಂಬರಿನಲ್ಲಿ ಸಾಣೇಹಳ್ಳಿಯ ನಾಟಕೋತ್ಸವಕ್ಕೆ ಮಕ್ಕಳನ್ನು ಕರೆದುಕೊಂಡು ಹೋಗಿ, ಗ್ರೀಕರ ಮಾದರಿಯ ಆ ಬಯಲು ರಂಗಮಂದಿರದ ಮೆಟ್ಟಿಲ ಮೇಲೆ ಕೂತಾಗ ಈ ಲೆಕ್ಕ ನೆನಪಾಗುತ್ತದೆ. ನನ್ನ ಮಗಳಿಗೆ ಇದನ್ನು ಮೂರು ಸಲ ಹೇಳಿದ್ದೇನೆ, ನಾಲ್ಕನೇ ಸಲ ಕೇಳಲು ಅವಳು ತಯಾರಿಲ್ಲ.

ಆವತ್ತು ನಾಟಕ ನೋಡಲು ಅಜ್ಜನೂ ಬಂದಿದ್ದ. ರಾತ್ರಿ ಬಸ್ಸಿಗೆ ಇನ್ನೂ ಹೊತ್ತಿತ್ತು. ಬೆಣ್ಣೆ ದೋಸೆ ಕೊಡಿಸಿದೆ. ನಾನು ಹೇಗೆ ಮಾಡಿದೆ ಅಂತ ಹೇಳುತ್ತಾನೆ ಅಂದುಕೊಂಡರೆ ಅಜ್ಜನ ತಲೆ ಬೇರೆಲ್ಲೋ ಇತ್ತು. ಕೊರಿಂಥದಿಂದ ಸುದ್ದಿ ತರುವ ಇನ್ನೊಬ್ಬ ಮುದುಕ ಇದ್ದಾನಲ್ಲ, ಕೂಸನ್ನು ಇವನಿಂದ ತೆಗೆದುಕೊಂಡು ಹೋದವನು. ಅದೇ ಬೆಟ್ಟದಲ್ಲಿ ವರ್ಷಕ್ಕೆ ಆರಾರು ತಿಂಗಳಿನಂತೆ ಮೂರು ವರ್ಷ ಇವನ ಜೊತೆ ಮಂದೆ ಮೇಯಿಸಿದವನು. ದೊರೆಯ ಮುಂದೆ ಖುಷಿಯಿಂದ, ಇನಾಮಿನ ಆಸೆಗೆ, ಎಲ್ಲವನ್ನೂ ಬಿಚ್ಚಿಟ್ಟವನು.

“ಅವನ್ಯಾಕೆ ಅಷ್ಟು ಮಾತಾಡಿದ?” ಅಂದ ಅಜ್ಜ. “ಕೂಡಿ ಮಂದೆ ಕಾಯ್ದೋನು. ಇವನ ಮಕ ನೋಡಿದ್ ಕೂಡ್ಲೇ ಸುಮ್ನಾಗಬೇಕಿತ್ತು. ಗೊತ್ತಾಗಲಿಲ್ವಾ ಅವನಿಗೆ?”

ಸೋಮವಾರ ಮೇಷ್ಟ್ರಿಗೆ ಇದನ್ನು ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ರಿಹರ್ಸಲ್ ಕೋಣೆಗೆ ಕರೆದುಕೊಂಡು ಹೋದರು. ಹಲಗೆ ಇನ್ನೂ ಒರೆಸಿರಲಿಲ್ಲ. ಕೊರಿಂಥದವನ ಹೆಸರಿನ ಮುಂದೆ ‘ಅರ್ಧ ಗೊತ್ತು’ ಅಂತಿತ್ತು. ಅದರ ಪಕ್ಕ ಒಂದು ಪ್ರಶ್ನೆ ಗುರುತು ಹಾಕಿ, ಸೀಮೆಸುಣ್ಣ ನನ್ನ ಕೈಗೆ ಕೊಟ್ಟರು.