ತಂಬುಳಿಯಿಂದ ಶುರುವಾದ ಮನೆಯೂಟ

ಶಿರಸಿಯಂಥ ಊರಿನಲ್ಲಿಯೂ ಮನೆಯಡುಗೆ ತಪ್ಪಿಹೋಗುವುದಕ್ಕೆ ಸೋಮಾರಿತನಕ್ಕಿಂತ ಹೆಚ್ಚಾಗಿ, ಅಡುಗೆಯೆಂದರೆ ಸಾರು, ಹುಳಿ, ಪಲ್ಯ ಎಲ್ಲವೂ ಆಗಲೇಬೇಕೆಂಬ ಹಟವೇ ಕಾರಣವೆಂದು ನನಗೆ ಅನ್ನಿಸುತ್ತದೆ. ಕತ್ತಲಾದ ಮೇಲೆ ಕೆಲಸದಿಂದ ಮರಳುವ ಗಂಡ ಹೆಂಡಿರಿಗೆ ಅಷ್ಟೆಲ್ಲ ಆಗದ ಮಾತು. ಹೀಗಾಗಿ ನಮ್ಮ ರಾತ್ರಿಯೂಟ ಬಹುಕಾಲ ಬೇಕರಿಯ ಪಫ್ಸ್ ಮತ್ತು ಹೋಟೆಲಿನ ಮಸಾಲೆದೋಸೆಗಳಲ್ಲೇ ಮುಗಿಯುತ್ತಿತ್ತು. ಮತ್ತೆ ಒಲೆ ಹಚ್ಚಿದಾಗ ಅನ್ನಕ್ಕೆ ಒಂದು ತಂಬುಳಿ ಇದ್ದರೆ ಸಾಕೆಂದು ನಿಶ್ಚಯಿಸಿಕೊಂಡೆವು.

ತಂಬುಳಿಗೆ ಬೇಕಾದದ್ದು ಒಂದು ಹಿಡಿ ಸೊಪ್ಪು ಮಾತ್ರ. ಬಾವಿಕಟ್ಟೆಯ ತೇವದಲ್ಲಿ ಹಬ್ಬಿರುವ ಒಂದೆಲಗವನ್ನು ಬೇರಿನ ಮಣ್ಣು ಹೋಗುವಂತೆ ತೊಳೆದು ಹಸಿಯಾಗಿಯೇ ರುಬ್ಬಬಹುದು. ದೊಡ್ಡಪತ್ರೆಯಾದರೆ ಜೀರಿಗೆ, ಕಾಳುಮೆಣಸಿನೊಂದಿಗೆ ತುಪ್ಪದಲ್ಲಿ ಬಾಡಿಸಬೇಕು. ದಪ್ಪ ಎಲೆ ನೀರು ಬಿಟ್ಟು, ಮೆತ್ತಗಾಗಿ, ಅದರ ಘಾಟು ಇಳಿಯುವವರೆಗೆ ಅವಸರ ಮಾಡಬಾರದು. ಬಳಿಕ ತೆಂಗಿನ ತುರಿ ಸೇರಿಸಿ ನುಣ್ಣಗೆ ರುಬ್ಬಿ, ಹುಳಿಯಿಲ್ಲದ ಮಜ್ಜಿಗೆಯಲ್ಲಿ ಕದಡಿ, ಸಾಸಿವೆ ಮತ್ತು ಒಣಮೆಣಸಿನ ಒಗ್ಗರಣೆ ಕೊಟ್ಟರೆ ಮುಗಿಯಿತು. ಕುದಿಸಿದರೆ ಮಜ್ಜಿಗೆ ಒಡೆಯುವುದರಿಂದ ಮತ್ತೆ ಒಲೆಯ ಮೇಲಿಡುವ ಪ್ರಶ್ನೆಯೇ ಇಲ್ಲ. ಕುಕ್ಕರು ಕೂಗಿ ಆರುವಷ್ಟರಲ್ಲಿ ಇದೆಲ್ಲ ಆಗಿಬಿಡುತ್ತದೆ.

ಹೆಂಡತಿಯ ತವರು ಕುಮಟಾ ಆದ್ದರಿಂದ ಬೆಳಗಿನ ಗಂಜಿಗೆ ಕುಚ್ಚಲಕ್ಕಿಯೂ ಬಂತು. ಭತ್ತವನ್ನು ಬೇಯಿಸಿ ಒಣಗಿಸುವಾಗ ತೌಡಿನಲ್ಲಿರುವ ಬಿ ಜೀವಸತ್ವದ ಒಂದಂಶ ಕಾಳಿನೊಳಕ್ಕೆ ಇಳಿಯುತ್ತದೆ. ಆ ಕಾರಣಕ್ಕೆ ಪಾಲಿಶ್ ಮಾಡಿದ ಬೆಳ್ತಿಗೆ ಅಕ್ಕಿಗಿಂತ ಇದು ಮೇಲು. ಬೇಯಲು ಹೆಚ್ಚು ಹೊತ್ತು ಬೇಕೆಂಬುದು ನಿಜವಾದರೂ ಹಿಂದಿನ ರಾತ್ರಿ ನೆನೆಹಾಕಿದರೆ ಆ ತಾಪತ್ರಯ ಕಡಿಮೆಯಾಗುತ್ತದೆ.

ಮನೆಯೂಟವೆಂದ ಮಾತ್ರಕ್ಕೆ ಎಲ್ಲವೂ ಆರೋಗ್ಯಕರವೆಂದು ನಾನು ಒಪ್ಪುವುದಿಲ್ಲ. ಗಂಜಿಗೆ ನೆಂಚಿಕೊಳ್ಳುವ ಅಪ್ಪೆಮಿಡಿ ಉಪ್ಪಿನಕಾಯಿ, ಅನ್ನದ ಪಕ್ಕದ ಹಲಸಿನ ಹಪ್ಪಳ, ಮಜ್ಜಿಗೆಮೆಣಸು ಇವೆಲ್ಲವೂ ಉಪ್ಪಿನಿಂದಲೇ ಉಳಿದುಕೊಂಡು ಬಂದ ಪದಾರ್ಥಗಳು. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ವಯಸ್ಕರಿಗೆ ದಿನಕ್ಕೆ ಒಟ್ಟು 5 ಗ್ರಾಂಗಿಂತ ಕಡಿಮೆ ಉಪ್ಪು ಇರಬೇಕು. ಅಂದರೆ ಒಂದು ಚಹಾ ಚಮಚಕ್ಕೂ ತುಸು ಕಡಿಮೆ. ಆದ್ದರಿಂದ ಮಿಡಿ ಹಾಕಿಕೊಂಡ ದಿನ ತಂಬುಳಿಗೆ ಉಪ್ಪನ್ನು ಹೆಸರಿಗಷ್ಟೇ ಹಾಕುತ್ತೇವೆ, ಹಪ್ಪಳದ ಡಬ್ಬಿ ಮುಟ್ಟುವುದಿಲ್ಲ. ಅತ್ತೆಯವರು ಬಂದಾಗ ಮಾತ್ರ ಈ ಕಟ್ಟಳೆ ನಡೆಯುವುದಿಲ್ಲ. ಅವರು ತಂಬುಳಿಯ ರುಚಿ ನೋಡಿ, ಮಾತಾಡದೆ ಉಪ್ಪಿನ ಮರಿಗೆಯನ್ನು ಹತ್ತಿರಕ್ಕೆ ಎಳೆದುಕೊಳ್ಳುತ್ತಾರೆ.