ಅಜ್ಜನ ಜನಿವಾರ ಮತ್ತು ಕೌಲಿಯ ಕರು

ಅಜ್ಜ ಜಗುಲಿಯಲ್ಲಿ ಕವಳ ಹಾಕುತ್ತ ಕೂತ ಫೋಟೊ ಮೊನ್ನೆ ಕಂಪ್ಯೂಟರಿನಲ್ಲಿ ಮೂಡಿದಾಗ ಅಮ್ಮನನ್ನು ಕೂಗಿ ಕರೆದೆ. ಅವಳು ಕನ್ನಡಕ ಸರಿಮಾಡಿಕೊಂಡು ಒಂದು ಗಳಿಗೆ ನೋಡಿ, "ಎಂಥ ಮಾರಾಯ ಇದು, ಮಾವಯ್ಯನ ಜನಿವಾರ ಅಪಸವ್ಯ ಆಗಿದೆಯಲ್ಲ! ಕವಳ ಹಾಕ್ಕೊಂಡು ಶ್ರಾದ್ಧ ಮಾಡ್ತಿದ್ರಾ?" ಅಂದಳು.

ತಪ್ಪು ನನ್ನದು. ಮನೆಯ ಹಳೇ ನೆಗೆಟಿವ್‌ಗಳನ್ನು ಕ್ಯಾಮೆರಾದಲ್ಲಿ ತೆಗೆದು ಕಂಪ್ಯೂಟರಿಗೆ ಇಳಿಸುತ್ತಿದ್ದೇನೆ. ಫಿಲ್ಮಿನ ಒಂದು ಮೈ ಹೊಳೆಯುತ್ತದೆ, ಇನ್ನೊಂದು ಮಂಕು. ಚಿತ್ರ ಇರುವುದು ಮಂಕು ಮೈಗೆ ಬಳಿದ ಎಮಲ್ಶನ್ ಎಂಬ ಲೇಪದಲ್ಲಿ. ಹೊಳೆಯುವ ಮೈ ಕ್ಯಾಮೆರಾದ ಕಡೆಗಿದ್ದರೆ ಅಂಚಿನ ಅಂಕಿಗಳೂ ಚಿತ್ರವೂ ನೇರ ಕಾಣುತ್ತವೆ. ನಾನು ಮಂಕು ಮೈಯನ್ನೇ ಕ್ಯಾಮೆರಾಕ್ಕೆ ಕೊಡುತ್ತೇನೆ, ಮಧ್ಯೆ ಫಿಲ್ಮಿನ ದಪ್ಪ ಅಡ್ಡ ಬರಬಾರದು ಅಂತ. ಹಾಗೆ ತೆಗೆದದ್ದನ್ನು ಆಮೇಲೆ ಎಡಬಲ ತಿರುಗಿಸಬೇಕು. ಅದನ್ನೇ ಮರೆತಿದ್ದೆ. ಈಗ ಗಂಡಸರಾದರೆ ಜನಿವಾರ, ಹೆಂಗಸರಾದರೆ ಸೆರಗು ನೋಡಿ ಖಾತ್ರಿ ಮಾಡಿಕೊಳ್ಳುತ್ತೇನೆ. ಎರಡೂ ಎಡ ಹೆಗಲ ಮೇಲಿರಬೇಕು.

ಈ ಕೆಲಸಕ್ಕೆ ಕೈಹಾಕಿದ್ದು ಮೆತ್ತಿನ ಮೇಲೆ ಸಿಕ್ಕ ಬಿಸ್ಕತ್ತಿನ ಡಬ್ಬದಿಂದ. ಅಪ್ಪ ಹೋಗಿ ಎಂಟು ವರ್ಷ. ಡಬ್ಬದಲ್ಲಿ ಅವನ ಅಗ್ಫಾ ಕ್ಲಿಕ್ ಥ್ರೀ ಕ್ಯಾಮೆರಾದ ನೆಗೆಟಿವ್‌ಗಳು, ಊಟಿಯ ಹಿಂದುಸ್ತಾನ್ ಫೋಟೊ ಫಿಲ್ಮ್ಸ್‌ನ 'ಇಂದು' ರೋಲಿನ ಒಂದು ಖಾಲಿ ಪೊಟ್ಟಣ, ತೊಂಬತ್ತರ ದಶಕದ ಕಲರ್ ರೋಲುಗಳು, ಚಿಕ್ಕಪ್ಪನ ಒಂದಿಷ್ಟು ಸ್ಲೈಡು. ಮುಚ್ಚಳ ತೆಗೆದ ಕೂಡಲೇ ವಿನಿಗರ್ ವಾಸನೆ. ಅಸಿಟೇಟ್ ಫಿಲ್ಮು ಶೆಕೆಗೆ, ತೇವಕ್ಕೆ ಕೊಳೆಯತೊಡಗಿದರೆ ಹೊರಡುವ ಹುಳಿ ಅದು, ಪಕ್ಕದ ರೋಲನ್ನೂ ಕೆಡಿಸುತ್ತದೆ. ಅಂಥ ಮೂರನ್ನು ಬೇರೆ ಲಕೋಟೆಗೆ ಹಾಕಿ ಮೊದಲು ಅವನ್ನೇ ಮುಗಿಸಿದೆ. ನಮ್ಮ ಮಳೆಗಾಲದ ಬೂಸ್ಟು ಬೇರೆ. ಅದು ತಿನ್ನುವುದು ಆ ಲೇಪದಲ್ಲಿನ ಜೆಲಟಿನ್ನನ್ನು. ತಿಂದ ಜಾಗ ನೀರು ತಾಗಿದರೆ ಚಿತ್ರ ಸಮೇತ ಕರಗಿ ಬರುತ್ತದೆ, ಹಾಗಾಗಿ ಒದ್ದೆ ಬಟ್ಟೆ ಮುಟ್ಟಿಸಲೇ ಇಲ್ಲ. ರಬ್ಬರ್ ಬ್ಲೋವರ್‌ನಲ್ಲಿ ಗಾಳಿ ಊದಿದೆ, ಅಷ್ಟೆ.

ಸ್ಕ್ಯಾನರ್ ಕೊಳ್ಳಲಿಲ್ಲ. ಇದ್ದ 24 ಮೆಗಾಪಿಕ್ಸೆಲ್ ಎಪಿಎಸ್-ಸಿ ಕ್ಯಾಮೆರಾಕ್ಕೆ ಗೆಳೆಯನ ಮ್ಯಾಕ್ರೊ ಲೆನ್ಸ್, ಅಂದರೆ ಸಣ್ಣದನ್ನು ತೀರ ಹತ್ತಿರದಿಂದ ತೆಗೆಯುವ ಲೆನ್ಸ್, ಕಡ ತಂದೆ. ಟ್ರೈಪಾಡಿನ ನಡುಗಂಬ ತಲೆಕೆಳಗು ಮಾಡಿ ಕ್ಯಾಮೆರಾ ನೆಲ ನೋಡುವ ಹಾಗೆ ಕಟ್ಟಿದೆ. ಕೆಳಗೆ ಮಗಳ ಡ್ರಾಯಿಂಗ್ ಟ್ರೇಸ್ ಮಾಡುವ ಎಲ್‌ಇಡಿ ಹಲಗೆ, ಅದರ ಮೇಲೆ ಹಾಲುಬಣ್ಣದ ಅಕ್ರಿಲಿಕ್ ತುಂಡು, ಅದರಿಂದ ಎರಡು ಬೆರಳು ಮೇಲೆ ಕಪ್ಪು ರಟ್ಟಿನ ಕಿಂಡಿಯಲ್ಲಿ ನೆಗೆಟಿವ್. ಮೊದಲ ದಿನ ಮೊಬೈಲ್ ಪರದೆಯನ್ನೇ ದೀಪ ಮಾಡಿಕೊಂಡು ಅದರ ಮೇಲೇ ಫಿಲ್ಮ್ ಇಟ್ಟು ನೋಡಿದ್ದೆ. ಪರದೆಯ ಚುಕ್ಕಿಗಳೆಲ್ಲ ಅತ್ತೆಯ ಮುಖದ ಮೇಲೆ ಸೊಳ್ಳೆಪರದೆ ಹಾಸಿದ ಹಾಗೆ ಬಂದವು.

ಕ್ಯಾಮೆರಾ ಫಿಲ್ಮಿಗೆ ಸಮವಾಗಿದೆಯೋ ಇಲ್ಲವೋ ತಿಳಿಯಲು ನೆಗೆಟಿವ್ ಇಡುವ ಜಾಗದಲ್ಲಿ ಒಂದು ಪುಟ್ಟ ಕನ್ನಡಿ ಇಡುತ್ತೇನೆ. ಲೆನ್ಸಿನ ಪ್ರತಿಬಿಂಬ ಚೌಕಟ್ಟಿನ ನಟ್ಟನಡುವೆ ಕಂಡರೆ ಸಮ. ಇಲ್ಲದಿದ್ದರೆ ಒಂದು ಮೂಲೆ ಚೂಪು, ಇನ್ನೊಂದು ಮಸುಕು. ಕ್ಯಾಮೆರಾದ ಸೆಟ್ಟಿಂಗು ಎಫ್/8, ಐಎಸ್ಒ 100, ರಾ ಫೈಲ್, ಎರಡು ಸೆಕೆಂಡಿನ ಟೈಮರ್. ಫೋಕಸ್ ಮಾಡುವುದು ಮುಖಕ್ಕಲ್ಲ, ಫಿಲ್ಮಿನ ರವೆಗೆ, ಅಂದರೆ ಚಿತ್ರವನ್ನು ಮೂಡಿಸಿದ ಸಣ್ಣ ಕಣಗಳಿಗೆ. ಲೈವ್ ವ್ಯೂನಲ್ಲಿ ಹತ್ತು ಪಟ್ಟು ದೊಡ್ಡದು ಮಾಡಿದರೆ ರವೆ ಕಾಣುತ್ತದೆ. ನಮ್ಮದು ಮರದ ಹಲಗೆಯ ಮೆತ್ತು. ಯಾರಾದರೂ ಏಣಿ ಹತ್ತಿದರೂ ಸಾಕು, ಚಿತ್ರ ಅಲುಗುತ್ತದೆ. ಎಲ್ಲರೂ ಮಲಗಿದ ಮೇಲೆಯೇ ನನ್ನ ಕಾರ್ಖಾನೆ ಶುರು.

ಕಪ್ಪು ಬಿಳುಪನ್ನು ಮಗುಚುವುದು, ಅಂದರೆ ಕಪ್ಪಿದ್ದಲ್ಲಿ ಬಿಳಿ, ಬಿಳಿಯಿದ್ದಲ್ಲಿ ಕಪ್ಪು ಮಾಡುವುದು, ಸುಲಭ. ಕಲರ್ ನೆಗೆಟಿವ್ ಹಾಗಲ್ಲ, ಅದಕ್ಕೊಂದು ಕಿತ್ತಳೆ ಛಾಯೆ ಇದೆ. ಒಳಗಿನ ವರ್ಣದ್ರವ್ಯಗಳ ದೋಷ ಸರಿದೂಗಿಸಲೆಂದು ತಯಾರಿಸುವವರೇ ಸೇರಿಸಿದ್ದು. ಸುಮ್ಮನೆ ಮಗುಚಿದರೆ ನನ್ನ ಉಪನಯನದಲ್ಲಿ ನೆರೆದವರೆಲ್ಲ ನೀಲಿ ದೇವರುಗಳು. ಡಾರ್ಕ್‌ಟೇಬಲ್ ಎಂಬ ಉಚಿತ ತಂತ್ರಾಂಶದಲ್ಲಿ ನೆಗೆಟಿವ್ ಮಗುಚಲೆಂದೇ ಇರುವ ನೆಗಾಡಾಕ್ಟರ್‌ಗೆ ಚಿತ್ರವಿಲ್ಲದ ಅಂಚಿನ ಕಿತ್ತಳೆಯನ್ನು ತೋರಿಸಿಕೊಟ್ಟರೆ ಅದನ್ನು ಕಳೆದು ಲೆಕ್ಕ ಹಾಕುತ್ತದೆ. ಸ್ಲೈಡಿನದು ಈ ಯಾವ ರಗಳೆಯೂ ಇಲ್ಲ, ಇದ್ದದ್ದು ಇದ್ದ ಹಾಗೆ.

ಆದರೆ ನಿದ್ದೆ ಕೆಡಿಸಿದ್ದು ಕ್ಲಿಕ್ ಥ್ರೀ. ಒಂದು ರೋಲಿಗೆ ಹನ್ನೆರಡೇ ಫೋಟೊ. ಅದರಲ್ಲಿ ಅಪ್ಪ ಪ್ರಿಂಟ್ ಹಾಕಿಸುತ್ತಿದ್ದುದು ಮೂರೋ ನಾಲ್ಕೋ. ನೆಗೆಟಿವನ್ನು ಕಿಟಕಿಗೆ ಹಿಡಿದು, ಎಲ್ಲರೂ ನೆಟ್ಟಗೆ ನಿಂತದ್ದನ್ನು ಆರಿಸಿ, ದುಡ್ಡು ಎಣಿಸಿಕೊಂಡು ಪೇಟೆಗೆ ಹೋಗುತ್ತಿದ್ದ. ನಮ್ಮ ಆಲ್ಬಮ್ಮಿನಲ್ಲಿ ಎಲ್ಲರೂ ಪೊಲೀಸರಿಗೆ ಹೆದರಿದವರ ಹಾಗೆ ನಿಂತಿರುವುದು ಅದಕ್ಕೇ. ಉಳಿದ ಎಂಟೊಂಬತ್ತನ್ನು ಈ ಮನೆಯಲ್ಲಿ ಯಾರೂ ನೋಡಿಯೇ ಇರಲಿಲ್ಲ. ಅಡಿಕೆ ಸುಲಿಯುತ್ತ ನಗುವ ಹೆಂಗಸರು. ಅರ್ಧ ತುಂಡಾದ ಅಜ್ಜಿ. ಕೊಟ್ಟಿಗೆ ಬಾಗಿಲಲ್ಲಿ ತಲೆಗೂದಲು ಬಿಚ್ಚಿಕೊಂಡು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಕರುವಿನ ಹಗ್ಗ ಎಳೆಯುತ್ತಿರುವ ಅಮ್ಮ. ಇಪ್ಪತ್ತೆರಡೋ ಇಪ್ಪತ್ಮೂರೋ ಇರಬೇಕು.

ಅದನ್ನು ತೋರಿಸಿದಾಗ ಅಮ್ಮ ತನ್ನ ಮುಖದ ಸುದ್ದಿಯನ್ನೇ ಎತ್ತಲಿಲ್ಲ. "ಇದು ಕೌಲಿಯ ಎರಡನೇ ಕರು. ಹಣೆ ಮೇಲೆ ಬಿಳಿ ನೋಡು. ಹಾಗಾದ್ರೆ ನೀನು ಹುಟ್ಟೋಕೆ ಹಿಂದಿನ ವರ್ಷ," ಅಂದಳು. ಸ್ವಲ್ಪ ಹೊತ್ತು ಬಿಟ್ಟು, "ಈ ಅವತಾರದಲ್ಲಿ ಯಾಕೆ ತೆಗೆದ್ರೋ ಇವರು," ಅಂತ ಒಳಗೆ ಹೋದಳು. ಮತ್ತೆ ಬಂದು ಇನ್ನೊಮ್ಮೆ ನೋಡಿದಳು.

ಲಕೋಟೆಗಳ ಮೇಲೆ ಅಪ್ಪ ತಾರೀಕು ಬರೆದಿಲ್ಲ. ಈಗ ನನ್ನ ಫೋಲ್ಡರುಗಳ ಹೆಸರೆಲ್ಲ ಅಮ್ಮನ ಪಂಚಾಂಗದ ಪ್ರಕಾರ: ಕೌಲಿ ಎರಡನೇ ಕರು, ಹಂಚು ಹೊದೆಸಿದ ವರ್ಷ, ದೊಡ್ಡಕ್ಕನ ಮದುವೆಯ ಹಿಂದಿನ ಬೇಸಿಗೆ. ಇನ್ನು ಹನ್ನೊಂದು ರೋಲು ಬಾಕಿ. ಗೆಳೆಯ ಲೆನ್ಸ್ ವಾಪಸು ಕೇಳುತ್ತಿದ್ದಾನೆ.